ದೊಡ್ಡಳಿಯನ ಟಿಕ್ ಗುಂಡಿ

ಗಂಟು ಹಾಕುವ ವಿದ್ಯೆಯಲ್ಲಿ ಹೊಳಲ್ಕೆರೆಯ ಕನಕರಾಜನನ್ನು ಮೀರಿಸುವವರು ಇಡೀ ತಾಲ್ಲೂಕಿನಲ್ಲೇ ಇರಲಿಲ್ಲ. ಬಿಚ್ಚುವ ವಿದ್ಯೆಯ ಬಗ್ಗೆ ಮಾತ್ರ ಅವನನ್ನು ಯಾರೂ ಕೇಳಬಾರದಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಶಾಮಿಯಾನದ ಅಂಗಡಿ. ಅವನು ಕಟ್ಟಿದ ಶಾಮಿಯಾನ ಗಾಳಿಗೆ ಜಗ್ಗುತ್ತಿರಲಿಲ್ಲ, ಮಳೆಗೆ ಕುಗ್ಗುತ್ತಿರಲಿಲ್ಲ, ಮದುವೆ ಮುಗಿದ ಮೇಲೆ ಅವನೇ ಬಂದು ಬಿಚ್ಚಲು ನೋಡಿದರೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಕೊನೆಗೆ ಕುಡುಗೋಲು ತಂದು ಹಗ್ಗ ಕೊಯ್ಯುವುದೇ ಆ ಅಂಗಡಿಯ ಪದ್ಧತಿ. ಇದೇನ್ರಿ ಹೀಗೆ ಎಂದು ಹೆಂಡತಿ ಸುಮಾ ಗೊಣಗಿದರೆ, "ಗಂಟು ಅಂದ್ರೆ ಹಿಂಗಿರಬೇಕು ಕಣೆ, ಗಂಡಸಿನ ಮಾತಿದ್ದಂಗೆ" ಎನ್ನುತ್ತಿದ್ದ.

ಇಂಥ ಮನುಷ್ಯ ಲೇಸು ಕಟ್ಟುವ ಬೂಟು ಹಾಕಬಾರದಿತ್ತು. ಹಾಕಿದ. ಅದಕ್ಕೆ ಕಾರಣ ಅವನ ಷಡ್ಡಕ ಪ್ರದೀಪ.

ಪ್ರದೀಪ ಎಂದರೆ ಸುಮಾಳ ತಂಗಿ ದೇವಿಕಾಳ ಗಂಡ, ಚಿತ್ರದುರ್ಗದ ಕಾಲೇಜೊಂದರಲ್ಲಿ ಪಿ.ಟಿ. ಮೇಷ್ಟ್ರು. ಹೊಟ್ಟೆ ಬಂದಿಲ್ಲ, ಕೂದಲು ಹೋಗಿಲ್ಲ, ಸಿಟ್ಟಂತೂ ಇಲ್ಲವೇ ಇಲ್ಲ. ಸಿಕ್ಕಾಗಲೆಲ್ಲ ನಗುತ್ತಾ "ಅಣ್ಣ, ಚೆನ್ನಾಗಿದೀರಾ?" ಎಂದು ಕೇಳುತ್ತಿದ್ದ. ಕನಕರಾಜನಿಗೆ ಆಗದೇ ಇದ್ದದ್ದು ಇದೇ. ಜಗಳವಾಡುವ ಷಡ್ಡಕನನ್ನು ಹೇಗಾದರೂ ಸಹಿಸಬಹುದು, ಚೆನ್ನಾಗಿದ್ದೀರಾ ಎಂದು ಕೇಳುವವನನ್ನು ಏನು ಮಾಡುವುದು? ಅವನು ಬರುವ ಮುಂಚೆ ರಾಮಗಿರಿಯ ಮಾವನ ಮನೆಗೆ ಕನಕರಾಜ ಒಬ್ಬನೇ ಅಳಿಯ. ಕೋಳಿ ಸಾರು ಮಾಡಿದ ದಿನ ತೊಡೆ ತುಂಡುಗಳೆಲ್ಲ ಕೇಳದೆಯೇ ಅವನ ತಟ್ಟೆಗೆ ಬೀಳುತ್ತಿದ್ದವು. ಈಗ ಒಂದು ತೊಡೆ ಇವನಿಗೆ, ಇನ್ನೊಂದು ಅವನಿಗೆ. ಕೋಳಿಗೆ ಎರಡು ಕಾಲು ಕೊಟ್ಟ ದೇವರ ಮೇಲೆ ಕನಕರಾಜನಿಗೆ ಬೇಜಾರು ಶುರುವಾದದ್ದು ಆಗಿನಿಂದ.

ಪ್ರದೀಪ ಬೂಟು ಹಾಕುತ್ತಾನೆಂದು ಇವನೂ ಒಂದು ಜೊತೆ ಕಪ್ಪು ಬೂಟು ಕೊಂಡ. ಲೇಸಿಗೆ ಶಾಮಿಯಾನದ ಗಂಟು ಹಾಕಿದ.

ಒಂದು ಭಾನುವಾರ ಮಾವ ಗುಡ್ಡಪ್ಪ ಇಬ್ಬರು ಅಳಿಯಂದಿರನ್ನೂ ರಾಮಗಿರಿಗೆ ಕರೆಸಿಕೊಂಡ. ಕೊನೆಯ ಮಗ ತಿಮ್ಮೇಶನಿಗೆ ಹೊಸದುರ್ಗದಲ್ಲಿ ಹೆಣ್ಣು ಒಪ್ಪಿಗೆಯಾಗಿತ್ತು. ವೀಳ್ಯಶಾಸ್ತ್ರದ ಮಾತುಕತೆಯಾಗಬೇಕಿತ್ತು. ಇಬ್ಬರು ಅಳಿಯಂದಿರೂ ಹೆಂಡತಿಯರ ಜೊತೆ ಒಂದೇ ಹೊತ್ತಿಗೆ ಬಾಗಿಲಿಗೆ ಬಂದರು. ಕನಕರಾಜ ಜಗಲಿಯ ಮೇಲೆ ಕೂತು ಬಲಗಾಲಿನ ಬೂಟಿನ ಗಂಟಿಗೆ ಉಗುರು ಹಾಕಿದ. ಪಕ್ಕದಲ್ಲಿ ಪ್ರದೀಪ ಬಗ್ಗಿ ಬೂಟಿನ ಮೇಲೆ ಎರಡು ಬೆರಳಿನಿಂದ ಏನನ್ನೋ ಒತ್ತಿದ. ಟಿಕ್. ಇನ್ನೊಂದು ಬೂಟಿಗೂ ಒತ್ತಿದ. ಟಿಕ್. ಎದ್ದು ಒಳಗೆ ಹೋದ.

ಕನಕರಾಜ ಕಾಲನ್ನು ಎತ್ತಿ ಮಂಡಿಯ ಮೇಲೆ ಇಟ್ಟುಕೊಂಡು ಗಂಟಿಗೆ ಹಲ್ಲು ಹಾಕಲು ನೋಡಿದ. ಹೊಟ್ಟೆ ಅಡ್ಡ ಬಂತು.

ಒಳಗಿನಿಂದ ಕಾಫಿಯ ಘಮ ಬಂತು, ಹಿಂದೆಯೇ ಮಾತೂ ಬಂತು.

"ದೊಡ್ಡಳಿಯ ಎಲ್ಲಿ?" ಇದು ಮಾವ.

"ಹೊರಗೆ ಬೂಟು ಬಿಚ್ತಾ ಅವ್ರೆ." ಇದು ಅತ್ತೆ ಉಚ್ಚಂಗಮ್ಮ.

"ಇನ್ನೂನಾ?"

"ಹಿಂದಿನ ಸಾರಿ ನಾನು ಎಸರಿಟ್ಟಾಗ ಬಿಚ್ಚಾಕೆ ಕುಂತೋರು, ಮುದ್ದೆ ಕಟ್ಟಿ ಮುಗಿಸಿದ ಮ್ಯಾಲೆ ಒಳಗೆ ಬಂದ್ರು. ಬರ್ತಾರೆ ಬಿಡ್ರಿ."

ಅವನು ಕೊನೆಗೂ ಒಳಗೆ ಹೋದಾಗ ನಡುಮನೆಯಲ್ಲಿ ಕಂಡ ನೋಟ ಅವನ ಎದೆಗೆ ನಾಟಿತು. ಒಂದು ಪೇಪರಿನ ಮೇಲೆ ಪ್ರದೀಪನ ಬೂಟನ್ನು ಇಟ್ಟುಕೊಂಡು ಮನೆಯವರೆಲ್ಲ ಸುತ್ತ ಕೂತಿದ್ದರು. ಅತ್ತೆಯೇ ಸ್ವತಃ ಅದನ್ನು ಒಳಗೆ ತಂದಿದ್ದಳು. ತನ್ನ ಬೂಟು ಜಗಲಿಯಲ್ಲಿ, ಅವನ ಬೂಟು ನಡುಮನೆಯಲ್ಲಿ!

ಬೂಟಿನ ಲೇಸಿನಲ್ಲಿ ಗಂಟೇ ಇರಲಿಲ್ಲ. ಬಾರೆಹಣ್ಣಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ಗುಂಡಿ, ಅದರ ಹೊಟ್ಟೆಯೊಳಗೆ ಒಂದು ಸ್ಪ್ರಿಂಗು. ಲೇಸಿನ ಎರಡು ತುದಿಗಳೂ ಅದರೊಳಗೆ ತೂರಿದ್ದವು. ಒತ್ತಿದರೆ ಬಿಡುತ್ತದೆ, ಬಿಟ್ಟರೆ ಕಚ್ಚಿ ಹಿಡಿಯುತ್ತದೆ. ಅಷ್ಟೇ.

"ಒತ್ತಿದ್ರೆ ಟಿಕ್ ಅಂತೈತೆ ನೋಡ್ರಿ," ಎಂದು ಉಚ್ಚಂಗಮ್ಮ ಒತ್ತಿದಳು. ಗುಡ್ಡಪ್ಪ ಒತ್ತಿದ. ಗುಡ್ಡಪ್ಪನ ಅಕ್ಕ, ಆ ಮನೆಯ ಶಾಸ್ತ್ರ ಸಂಪ್ರದಾಯಗಳಿಗೆಲ್ಲ ಕೊನೆಯ ಮಾತು ಹೇಳುವ ಬೋರಕ್ಕನೂ ಕನ್ನಡಕ ಏರಿಸಿಕೊಂಡು ಒತ್ತಿದಳು.

ಪ್ರದೀಪ ಅಷ್ಟಕ್ಕೇ ನಿಲ್ಲಲಿಲ್ಲ. ಜೇಬಿನಿಂದ ಅಂಥದ್ದೇ ಇನ್ನೊಂದು ಗುಂಡಿ ತೆಗೆದು, ಅತ್ತೆಯ ಎಲೆಅಡಿಕೆ ಸಂಚಿಯ ದಾರಕ್ಕೆ ಹಾಕಿಕೊಟ್ಟ. ಸಂಚಿ ಟಿಕ್ ಎಂದು ತೆರೆಯಿತು, ಟಿಕ್ ಎಂದು ಮುಚ್ಚಿತು. ಉಚ್ಚಂಗಮ್ಮನಿಗೆ ಎಲೆ ಹಾಕಿಕೊಳ್ಳುವ ಆಸೆ ಇಲ್ಲದಿದ್ದರೂ ಮತ್ತೆ ಮತ್ತೆ ಸಂಚಿ ತೆಗೆದು ಎಲೆ ಹಾಕಿಕೊಂಡಳು. ಬಾಯಿ ತುಂಬಿದ ಮೇಲೆ ಬೀದಿಗೆ ಹೋಗಿ ಅಕ್ಕಪಕ್ಕದವರಿಗೆ ಬರಿದೇ ತೆಗೆದು ಮುಚ್ಚಿ ತೋರಿಸಿ ಬಂದಳು.

"ಇದೇನು ಮಹಾ?" ಎಂದ ಕನಕರಾಜ. ಹಾಗೆನ್ನಬೇಕೆಂದು ಅವನು ಅಂದುಕೊಂಡಿರಲಿಲ್ಲ, ಮಾತು ತಾನೇ ಬಂತು. "ನಮ್ಮ ಶಾಮಿಯಾನದ ಲೈನಲ್ಲಿ ಇದು ಹಳೇದಾತು. ನಮ್ಮ ಅಂಗಡೀಲಿ ಚೀಲಗಟ್ಟಲೆ ಬಿದ್ದವೆ."

ಅಂಗಡಿಯಲ್ಲಿ ಚೀಲಗಟ್ಟಲೆ ಏನು ಬಿದ್ದಿದೆ ಎಂದು ಚೆನ್ನಾಗಿ ಗೊತ್ತಿದ್ದ ಸುಮಾ ಗೋಡೆ ಕಡೆ ತಿರುಗಿದಳು.

"ಚೀಲಗಟ್ಟಲೆ ಇಟ್ಕಂಡು ಅತ್ತೆಗೆ ಒಂದು ತಂದ್ಕೊಡಬೇಕು ಅನ್ನಿಸಲಿಲ್ಲೇನಪ್ಪ?" ಎಂದಳು ಬೋರಕ್ಕ.

ಆರಿದ ಕಾಫಿಯನ್ನು ಕನಕರಾಜ ಬಿಸಿಯಿದ್ದಂತೆ ಊದಿ ಊದಿ ಕುಡಿದ.

ಆಮೇಲೆ ಕಂಬಳಿಯ ಮಾತು ಬಂತು. ಗುಡ್ಡಪ್ಪನದು ಹಿಂದಿನಿಂದ ಕುರಿ ಸಾಕಿದ ಮನೆತನ. ಈಗ ಕುರಿ ಕಡಿಮೆಯಾಗಿದ್ದರೂ ಕಂಬಳಿಯ ಮರ್ಯಾದೆ ಕಡಿಮೆಯಾಗಿರಲಿಲ್ಲ. ಆ ಮನೆಯ ಗಂಡಿಗೆ ವೀಳ್ಯ ತೆಗೆದುಕೊಳ್ಳುವ ದಿನ ಹೆಣ್ಣಿನ ಮನೆಯ ನಡುಮನೆಯಲ್ಲಿ ಇವರ ಕರಿ ಕಂಬಳಿ ಹಾಸುತ್ತಾರೆ. ಮನೆಯ ಅಳಿಯನೊಬ್ಬ ಬರಿಗಾಲಿನಲ್ಲಿ ಬಂದು ಅದರ ಮೇಲೆ ಕೂರಬೇಕು. ಒಮ್ಮೆ ಕೂತವನನ್ನು ನಡುವೆ ಎಬ್ಬಿಸಿ ಬೇರೆಯವರನ್ನು ಕೂರಿಸುವಂತಿಲ್ಲ. ಕೊನೆಗೆ ಅವನು ಎದ್ದು ನಿಂತು ಹೆಣ್ಣಿನ ತಂದೆಯಿಂದ ವೀಳ್ಯದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಹಿಡಿದರೆ ಸಂಬಂಧ ಗಟ್ಟಿ. ಕೂತೇ ಹಿಡಿದರೆ, ಇಲ್ಲವೇ ಒಂದು ಕೈಯಲ್ಲಿ ಹಿಡಿದರೆ, ಹೆಣ್ಣು ಬೇಡ ಎಂದ ಹಾಗೆ.

ಇಂಥ ಜಾಗದಲ್ಲಿ ದೊಡ್ಡಳಿಯ ತಾನಲ್ಲದೆ ಇನ್ಯಾರು ಕೂರುತ್ತಾರೆ ಎಂದು ಕನಕರಾಜ ಮೀಸೆ ಸವರಿಕೊಳ್ಳುವಷ್ಟರಲ್ಲಿ ಉಚ್ಚಂಗಮ್ಮ ಬಾಯಿ ಹಾಕಿದಳು.

"ಚಿಕ್ಕಳಿಯ ಕುಂತ್ಕಂಡ್ರೆ ಆಗಲ್ಲೇನು? ಚುರುಕು ಅವನು. ಇವರು ಬೂಟು ಬಿಚ್ಚಿ ಒಳಗೆ ಬರೋ ಹೊತ್ಗೆ ಹೆಣ್ಣಿಗೆ ಸೀಮಂತನೂ ಆಗಿರ್ತೈತೆ."

ಮನೆಯೆಲ್ಲ ನಕ್ಕಿತು. ಮದುಮಗನಾಗಬೇಕಿದ್ದ ತಿಮ್ಮೇಶನೂ ನಾಚಿಕೊಂಡು ನಕ್ಕ. ಬೋರಕ್ಕ ಕೈಯೆತ್ತಿ ತೀರ್ಪು ಕೊಟ್ಟಳು: "ದೊಡ್ಡೋನು ಚಿಕ್ಕೋನು ಅಂತ ನಮ್ಮಲ್ಲಿ ಇಲ್ಲ. ಅಳಿಯ ಅಂದ್ರೆ ಅಳಿಯ. ಕರೆದಾಗ ಯಾರು ಮೊದ್ಲು ಬಂದು ಕುಂತ್ಕಂತಾರೋ ಅವರದೇ ವೀಳ್ಯ."

ಪ್ರದೀಪ ಇದನ್ನು ಕೇಳಿಸಿಕೊಂಡನೋ ಇಲ್ಲವೋ. ಅವನು ಬೋರಕ್ಕನ ಸಂಚಿಗೆ ಗುಂಡಿ ಹಾಕುತ್ತಿದ್ದ.

ಆ ದಿನದಿಂದ ಕನಕರಾಜನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಟಿಕ್ ಎನ್ನುತ್ತಿತ್ತು. ಸುಮಾ ಕೇಳಿದಳು: "ಅಷ್ಟು ಯಾಕ್ರಿ ತಲೆ ಕೆಡಿಸ್ಕಂತೀರ? ಅವತ್ತೊಂದು ದಿನ ಚಪ್ಪಲಿ ಹಾಕ್ಕಂಡು ಹೋಗ್ರಿ, ಮುಗೀತು."

"ಅವನು ಬೂಟಲ್ಲಿ, ನಾನು ಚಪ್ಲೀಲಿ? ಇವರಲ್ಲಿ ದೊಡ್ಡಳಿಯ ಯಾರು ಅಂತ ಹೆಣ್ಣಿನ ಕಡೆಯೋರು ಕೇಳ್ಬೇಕೇನೆ?"

ಮಾರನೆಯ ದಿನ ಅವನು ಮರುಳಸಿದ್ದಪ್ಪನ ಫ್ಯಾನ್ಸಿ ಸ್ಟೋರಿಗೆ ಹೋದ.

"ಏನು ಬೇಕ್ರಿ ಕನಕರಾಜಣ್ಣ?"

"ಗುಂಡಿ. ಒತ್ತಿದ್ರೆ ಬಿಡಬೇಕು, ಬಿಟ್ರೆ ಹಿಡೀಬೇಕು."

ಮರುಳಸಿದ್ದಪ್ಪ ಬಟ್ಟೆ ಒಣಹಾಕುವ ಕ್ಲಿಪ್ಪು ತೆಗೆದಿಟ್ಟ. ಕನಕರಾಜ ಅಲ್ಲ ಎಂದ. ಹೆಣ್ಣುಮಕ್ಕಳ ಕೂದಲ ಕ್ಲಿಪ್ಪು ತೆಗೆದಿಟ್ಟ. ಅಲ್ಲ ಎಂದ. ಸ್ವಲ್ಪ ಯೋಚಿಸಿ ಒಂದು ಇಲಿಬೋನು ತೆಗೆದಿಟ್ಟ.

"ಲೇ, ನಾನು ಕಾಲಿಗೆ ಹಾಕ್ಕಳ್ಳಾದು ಕಣಯ್ಯ!"

"ಕಾಲಿಗಾ? ಏನಾಗೈತೆ ಕಾಲಿಗೆ?"

"ಏನೂ ಆಗಿಲ್ಲ. ಒಬ್ಬ ಹಾಕ್ಕಂಡಿದ್ದ. ಟಿಕ್ ಅಂತೈತೆ."

"ಅದರ ಹೆಸರು ಹೇಳ್ರಿ, ದಾವಣಗೆರೆಯಿಂದಾದ್ರೂ ತರಿಸ್ತೀನಿ."

"ಹೆಸರು ಗೊತ್ತಿದ್ರೆ ನಿನ್ ಮುಂದೆ ನಾನ್ಯಾಕೆ ಹಿಂಗೆ ಕುಣೀತಿದ್ದೆ?"

"ಹಂಗಾರೆ ಹಾಕ್ಕಂಡಿದ್ನಲ್ಲ, ಅವನಿಗೇ ಒಂದು ಫೋನ್ ಮಾಡಿ ಕೇಳಿಬಿಡ್ರಿ."

ಕನಕರಾಜನ ಮುಖ ಕಪ್ಪಿಟ್ಟಿತು. "ಅವನನ್ನ ಕೇಳೋ ಬದಲು ಬರಿಗಾಲಲ್ಲಿ ಓಡಾಡ್ತೀನಿ," ಎಂದು ತಿರುಗಿದವನ ತಲೆಗೆ ಏನೋ ತಗುಲಿತು. ಕಳೆದ ಮಳೆಗಾಲದಿಂದ ಮಾರಾಟವಾಗದೆ ನೇತಾಡುತ್ತಿದ್ದ ಮಕ್ಕಳ ಮಳೆಕೋಟು ಅದು. ಹಳದಿ ಬಣ್ಣ, ಮೇಲೆ ಬಾತುಕೋಳಿ ಚಿತ್ರ. ಅದರ ಟೋಪಿಯ ದಾರದಲ್ಲಿ, ಸೊಂಟದ ದಾರದಲ್ಲಿ, ಎಡಕ್ಕೆ ಬಲಕ್ಕೆ ನೇತಾಡುತ್ತಿದ್ದವು ಅವೇ ಗುಂಡಿಗಳು!

"ಇದನ್ನ ಕಟ್ಟಿಕೊಡು."

"ಬೆಂಕಿಯಂಥ ಬಿಸ್ಲು ಹೊಡೀತೈತೆ, ಮಳೆಕೋಟು ಯಾಕ್ರಿ?"

"ಮುಂದೆ ಬರ್ತೈತಲ್ಲ ಮಳೆ," ಎಂದು ಕನಕರಾಜ ಗುಟ್ಟು ಕಾಪಾಡಿದ.

ಶಾಮಿಯಾನದವರಿಗೆ ಮಳೆಯ ಸುಳಿವು ಮೊದಲು ಸಿಗುತ್ತದೆ ಎಂಬ ನಂಬಿಕೆ ಆ ಊರಿನಲ್ಲಿದೆ. ಶಾಮಿಯಾನದ ಕನಕರಾಜನೇ ಫೆಬ್ರವರಿಯಲ್ಲಿ ಮಳೆಕೋಟು ಕೊಂಡ ಎಂಬ ಸುದ್ದಿ ಮಾರ್ಕೆಟ್ ಯಾರ್ಡು ಮುಟ್ಟಿ, ಅಂಗಳದಲ್ಲಿ ಅಡಿಕೆ ಒಣಹಾಕಿದವರೆಲ್ಲ ಟಾರ್ಪಾಲು ಹುಡುಕಿಕೊಂಡು ಓಡಾಡಿದರು. ಒಂದು ಮೋಡವೂ ಬರಲಿಲ್ಲ. ಕನಕರಾಜ ಆಗ ಮನೆಯ ಬಾಗಿಲು ಹಾಕಿಕೊಂಡು ಬಾತುಕೋಳಿಯ ಕುತ್ತಿಗೆಯಿಂದ ಗುಂಡಿ ಕೀಳುತ್ತಿದ್ದ.

ಎರಡು ಗುಂಡಿ ಬೂಟಿಗೆ ಹೋದವು. ಉಳಿದವನ್ನು ನೋಡುತ್ತಾ ಕೂತವನಿಗೆ, ಪ್ರದೀಪನ ಹತ್ತಿರ ಬೂಟಿನಲ್ಲಿ ಮಾತ್ರ ಇದೆ, ಅವನಿಗಿಂತ ಒಂದು ಕೈ ಮೇಲಾಗಬೇಕು ಎಂದು ಹೊಳೆಯಿತು. ಶಾಸ್ತ್ರಕ್ಕೆಂದು ಹೊಲಿಸಿದ್ದ ಹೊಸ ಪೈಜಾಮದ ಲಾಡಿಗೂ ಒಂದು ಗುಂಡಿ ಹಾಕಿದ.

"ಜುಬ್ಬದ ಒಳಗಿರೋದು ಯಾರಿಗೆ ಕಾಣ್ತೈತ್ರಿ?" ಎಂದಳು ಸುಮಾ.

"ನಂಗೆ ಗೊತ್ತಿದ್ರೆ ಸಾಕು."

"ಲಾಡಿಗಾದ್ರೂ ಗಂಟು ಹಾಕ್ಕಳ್ರಿ. ಮಕ್ಕಳ ಕೋಟಿನ ಗುಂಡಿ ಅದು, ನಿಮ್ಮ ಹೊಟ್ಟೆ ತಡೀತೈತಾ?"

ಗಂಡಸು ಹೊಸದನ್ನು ಕಂಡುಕೊಂಡಾಗ ಹೆಂಡತಿ ಅಡ್ಡ ಮಾತಾಡುವುದು ಲೋಕದಲ್ಲಿ ಇದ್ದದ್ದೇ ಎಂದುಕೊಂಡು ಕನಕರಾಜ ಅಭ್ಯಾಸ ಶುರುಮಾಡಿದ. ಸುಮಾ ಒಳಗೆ ನಿಂತು "ಅಳಿಯಂದ್ರು ಬರ್ರಿ" ಎಂದು ಕೂಗಬೇಕು, ಇವನು ಬಾಗಿಲಲ್ಲಿ ಟಿಕ್ ಟಿಕ್ ಎಂದು ಬೂಟು ಕಳಚಿ ಓಡಿಬಂದು ಜಮಖಾನದ ಮೇಲೆ ಕೂರಬೇಕು. ಮತ್ತೆ ಬೂಟು ಹಾಕಿಕೊಂಡು ಹೊರಗೆ. ಮತ್ತೆ ಕೂಗು. ಬೆಳಿಗ್ಗೆಯಿಂದ ಇದನ್ನು ನೋಡಿದ ಎದುರು ಮನೆಯ ಯಮುನಾಗೆ ತಡೆಯಲಾಗಲಿಲ್ಲ.

"ಸುಮಕ್ಕ, ಅಣ್ಣಾರು ಏನಾರ ಹರಕೆ ಹೊತ್ಕಂಡವ್ರಾ?"

"ಇಲ್ಲ ಕಣಮ್ಮ. ನನ್ ತಂಗಿ ಗಂಡನ ಬೂಟು ನೋಡಿದ ಮ್ಯಾಲೆ ಹಿಂಗಾಗೈತೆ."

ಯಮುನಾ ಅದನ್ನು ಬೀದಿಗೆಲ್ಲ ಹೇಳಿದಳು. ಸಂಜೆಗೆ ಇಬ್ಬರು ಮುದುಕರು ಬಂದು, ದೃಷ್ಟಿಯಾಗಿದ್ದರೆ ಹಳೇ ಬೂಟನ್ನು ನಿವಾಳಿಸಿ ಎಸೆಯಬೇಕೆಂದು ಸಲಹೆ ಕೊಟ್ಟು ಹೋದರು.

ವೀಳ್ಯಶಾಸ್ತ್ರದ ದಿನ ಬಂತು. ಗಂಡಿನ ಕಡೆಯವರು ಟೆಂಪೋ ತುಂಬಿಕೊಂಡು ಹೊಸದುರ್ಗಕ್ಕೆ ಹೋದರು. ಹೆಣ್ಣಿನ ತಂದೆ ಪಾಪಣ್ಣ ಬಾಗಿಲಲ್ಲೇ ನಿಂತು, "ಬರ್ರಿ ಬೀಗರೆ, ಕುಂತ್ಕಳ್ರಿ" ಎಂದು ಕೈಮುಗಿದ. ಒಳ್ಳೆಯವನು, ಆದರೆ ಅಂಜುಬುರುಕ. ಹಿಂದೆ ಒಂದು ಗಂಡು ಮಾತುಕತೆಯೆಲ್ಲ ಮುಗಿದ ಮೇಲೆ ಕೈತಪ್ಪಿ ಹೋಗಿತ್ತಂತೆ. ಆಗಿನಿಂದ ಮಗಳು ನಾಗಶ್ರೀಯ ವಿಷಯದಲ್ಲಿ ಯಾರಾದರೂ ಕೆಮ್ಮಿದರೂ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಮೂಲೆಯ ಮಂಚದ ಮೇಲೆ ಅವನ ಅಪ್ಪ ಜುಂಜಣ್ಣ ಕೂತೇ ತೂಕಡಿಸುತ್ತಿದ್ದ. ಬಹಳ ವಯಸ್ಸಾದ ಮುದುಕ. ಅವನು ಮಾತಾಡುವುದನ್ನು ಬಿಟ್ಟೇ ಬಹಳ ಕಾಲವಾಗಿತ್ತು.

ನಡುಮನೆಯಲ್ಲಿ ಕರಿ ಕಂಬಳಿ ಹಾಸಿದರು. ಬೋರಕ್ಕ ಗಂಟಲು ಸರಿಮಾಡಿಕೊಂಡು ಕೂಗಿದಳು: "ಅಳಿಯಂದ್ರು ಬರ್ರಪ್ಪ!"

ಬಾಗಿಲಲ್ಲಿ ಸಜ್ಜಾಗಿ ನಿಂತಿದ್ದ ಕನಕರಾಜ ಪ್ರದೀಪನ ಕಾಲು ನೋಡಿದ. ಕಾಲಲ್ಲಿ ಚಪ್ಪಲಿ ಇತ್ತು.

"ಬೂಟು ಎಲ್ಲೋ?"

"ಕಂಬಳಿ ಶಾಸ್ತ್ರಕ್ಕೆ ಬೂಟು ಯಾಕಣ್ಣ?" ಎಂದು ಪ್ರದೀಪ ನಕ್ಕ.

ಇಷ್ಟು ದಿನ ಬೂಟು ಹಾಕಿ ಉರಿಸಿ ಇವತ್ತು ಚಪ್ಪಲಿಯಲ್ಲಿ ಬಂದಿದ್ದಾನೆ! ಇಂಥ ಮೋಸವನ್ನು ಕನಕರಾಜ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಎದೆಗುಂದಲಿಲ್ಲ. ಬಗ್ಗಿದ. ಟಿಕ್. ಟಿಕ್. ಒಂದು ಬೂಟು ತುಳಸಿಕಟ್ಟೆಗೆ ಹಾರಿತು, ಇನ್ನೊಂದು ಯಾರದೋ ಸ್ಕೂಟರಿನ ಕೆಳಗೆ ಹೋಯಿತು. ಹೊಸ್ತಿಲು ದಾಟಿ, ಒಂದು ಮಗುವನ್ನು ದಾಟಿ, ಓಡಿಹೋಗಿ ಕಂಬಳಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ. ಪ್ರದೀಪ ಇನ್ನೂ ಹೊರಗೆ ನಿಂತು ಯಾರಿಗೋ ದಾರಿ ಬಿಡುತ್ತಿದ್ದ.

"ಪರವಾಗಿಲ್ಲ ಕಣೆ ನಿನ್ ಗಂಡ," ಎಂದು ಉಚ್ಚಂಗಮ್ಮ ಸುಮಾಳನ್ನು ತಿವಿದಳು. ಕನಕರಾಜ ಅದನ್ನು ಕೇಳಿಸಿಕೊಂಡ. ಸಂತೋಷದಿಂದ ಎದೆಯುಬ್ಬಿಸಿದ. ಎದೆಯ ಜೊತೆಗೆ ಹೊಟ್ಟೆಯೂ ಉಬ್ಬಿತು.

ಟಿಕ್.

ಈ ಸಲ ಸದ್ದು ಬಂದದ್ದು ಜುಬ್ಬದ ಒಳಗಿನಿಂದ. ಗುಂಡಿ ಎರಡು ಹೋಳಾಯಿತು, ಸ್ಪ್ರಿಂಗು ಎಲ್ಲಿಗೋ ಹೋಯಿತು. ಲಾಡಿ ಹಾವಿನಂತೆ ಸರಸರ ಸರಿದು ಪೈಜಾಮದ ಸೊಂಟಪಟ್ಟಿಯೊಳಗೆ ಮಾಯವಾಯಿತು. ಸೊಂಟದ ಸುತ್ತ ತಣ್ಣಗೆ ಗಾಳಿಯಾಡಿತು.

ಕನಕರಾಜ ಅಲ್ಲಾಡದೆ ಕೂತ. ಪೂಜೆಯಾಯಿತು, ಗಂಡು ಹೆಣ್ಣಿನ ಹೆಸರು ಹೇಳಿ ಕೂಗಿದರು, ಅಕ್ಷತೆ ಹಾಕಿದರು. ಅವನು ದೇವರ ಗುಡಿಯ ಮುಂದಿನ ಬಸವನಂತೆ ಕೂತೇ ಇದ್ದ. ಕೊನೆಗೆ ಪಾಪಣ್ಣ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದು ಮುಂದೆ ಬಂದು ನಿಂತ.

"ಏಳ್ರಿ ಬೀಗರೆ."

"ಇರ್ಲಿ," ಎಂದ ಕನಕರಾಜ.

"ಏನು ಇರ್ಲಿ?"

"ಹಿಂಗೇ ಇರ್ಲಿ."

ಗುಡ್ಡಪ್ಪ ಗಾಬರಿಯಾಗಿ ಬಗ್ಗಿದ. "ಕನಕರಾಜಪ್ಪ, ಎದ್ದೇಳು, ವೀಳ್ಯ ಹಿಡೀಬೇಕು."

ಹೊತ್ತು ಕಳೆಯಲು ಏನಾದರೂ ಹೇಳಬೇಕಿತ್ತು. ಕನಕರಾಜ ಹೇಳಿದ: "ಮಾವ, ಸ್ವಲ್ಪ ವಿಚಾರ ಮಾಡಾಣ."

ಲೋಕದ ಎಲ್ಲ ಮಾತುಗಳಲ್ಲಿ ಅವನಿಗೆ ಸಿಕ್ಕಿದ್ದು ಅದೇ ಮಾತು. ಪಾಪಣ್ಣನ ತಟ್ಟೆಯಲ್ಲಿ ತೆಂಗಿನಕಾಯಿ ಅತ್ತಿತ್ತ ಉರುಳಿತು. ಹೆಣ್ಣಿನ ಕಡೆ ಗುಸುಗುಸು ಎದ್ದಿತು.

"ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತ ನಾನು ಆವಾಗ್ಲೇ ಬಡ್ಕಂಡೆ."

"ಉಪ್ಪಿಟ್ಟಲ್ಲ ಕಣೆ, ಟೆಂಪೋ ಹತ್ರ ಎದುರುಗೊಳ್ಳಾಕೆ ಯಾರೂ ಹೋಗಿಲ್ಲ, ಅದಕ್ಕೆ."

"ಮಂಡಿ ನೋವಿರಬೈದು. ಯಾರಾರ ಮುಲಾಮು ತರ್ರಪ್ಪ."

ಒಬ್ಬಾಕೆ ಮುಲಾಮು ತಂದು ಪೈಜಾಮಕ್ಕೇ ಕೈ ಹಾಕಿದಳು. "ಮುಟ್ಟಬ್ಯಾಡ್ರಿ!" ಎಂದು ಕನಕರಾಜ ಕಿರುಚಿದ ರಭಸಕ್ಕೆ ಆಕೆ ಮುಲಾಮಿನ ಡಬ್ಬಿ ಬಿಟ್ಟು ಅಡಿಗೆಮನೆಗೆ ಓಡಿದಳು. ಇದು ನೋವಲ್ಲ, ಸಿಟ್ಟು ಎಂದು ಎಲ್ಲರಿಗೂ ಖಚಿತವಾಯಿತು.

"ಇಷ್ಟು ದಿನ ಮಾಡಿದ ವಿಚಾರ ಸಾಲದೇನೋ?" ಎಂದು ಬೋರಕ್ಕ ಗದರಿದಳು. ತಿಮ್ಮೇಶನ ಮುಖ ಬಿಳಿಚಿತು. ರೂಮಿನ ಬಾಗಿಲ ಸಂದಿಯಲ್ಲಿ ನಾಗಶ್ರೀಯ ಕಣ್ಣು ತುಂಬಿಕೊಂಡದ್ದು ಕನಕರಾಜನಿಗೂ ಕಂಡಿತು.

ಪಾಪಣ್ಣ ಹೇಳಿದ: "ಸಂಬಂಧ ಬ್ಯಾಡ ಅಂದ್ರೆ ನೇರ ಹೇಳಿಬಿಡ್ರಿ ಬೀಗರೆ. ತಟ್ಟೆ ಹಿಡ್ಕಂಡು ನಿಂತಿರೋನ್ನ ಹಿಂಗೆ ಕಾಯಿಸಬ್ಯಾಡ್ರಿ."

"ಪ್ರದೀಪಪ್ಪ, ನೀನಾದ್ರೂ ಬಾರಪ್ಪ," ಎಂದು ಉಚ್ಚಂಗಮ್ಮ ಅಳುವ ದನಿ ತೆಗೆದಳು.

"ಕುಂತೋನ್ನ ಎಬ್ಬಿಸೋ ಹಂಗಿಲ್ಲ," ಎಂದಳು ಬೋರಕ್ಕ.

ಪ್ರದೀಪ ಬಂದು ಕಿವಿಯ ಹತ್ತಿರ ಬಗ್ಗಿದ. "ಅಣ್ಣ, ಏನಾತು? ನಂಗೆ ಹೇಳ್ರಿ, ಏನಾದ್ರೂ ಮಾಡಾಣ." ಆ ಮುಖದಲ್ಲಿ ನಿಜವಾದ ಕಾಳಜಿ ಇತ್ತು. ಅದೇ ಕಷ್ಟ. ಕನಕರಾಜ ಬಾಯಿ ತೆರೆದ. ಪ್ರಪಂಚದಲ್ಲಿ ಯಾರಿಗೆ ಬೇಕಾದರೂ ಹೇಳಬಹುದು, ಇವನಿಗೆ ಹೇಗೆ ಹೇಳುವುದು? ಕಣ್ಣು ತಗ್ಗಿಸಿದರೆ ಎದುರಿಗೇ ಪ್ರದೀಪನ ಸೊಂಟ. ಅಲ್ಲಿ ಒಂದು ಬೆಲ್ಟು. ಅಗಲವಾದ, ಗಟ್ಟಿಯಾದ, ಯಾವ ಚಿಂತೆಯೂ ಇಲ್ಲದ ಚರ್ಮದ ಬೆಲ್ಟು. ಬೂಟಿನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಆ ಗಳಿಗೆಯಲ್ಲಿ ಬೆಲ್ಟಿನ ಮೇಲಕ್ಕೆ ಹೋಯಿತು. ಇಲ್ಲ, ಸತ್ತರೂ ಇವನಿಗೆ ಹೇಳುವುದಿಲ್ಲ.

ಪಾಪಣ್ಣ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು ತಿರುಗಲು ಹೊರಟ.

ಆಗ ಕನಕರಾಜ ಕಂಬಳಿಯ ಹಿಂದಿನ ಅರ್ಧವನ್ನು ಎತ್ತಿ ತಲೆಯ ಮೇಲಕ್ಕೆ ಎಳೆದುಕೊಂಡ. ಮುಂದಿನ ಅರ್ಧವನ್ನು ಮಡಿಲಿಗೆ ಬಾಚಿಕೊಂಡ. ಕಂಬಳಿಯ ಒಳಗೆ ಏನೋ ಹೆಣಗಾಟ ನಡೆಯಿತು. ಮೊಣಕೈ ಒಂದು ಕಡೆ ಎದ್ದಿತು, ಮಂಡಿ ಇನ್ನೊಂದು ಕಡೆ ಎದ್ದಿತು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಕರಿ ಗುಡ್ಡವೊಂದು ನಡುಮನೆಯಲ್ಲಿ ಮೆಲ್ಲಗೆ ಮೇಲೆದ್ದು ನಿಂತಿತು. ಕುರಿ ಕಾಯುವವರು ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ನಿಲ್ಲುತ್ತಾರಲ್ಲ, ಹಾಗೆ ತಲೆಯಿಂದ ಪಾದದವರೆಗೆ ಕಂಬಳಿ. ಮುಂದಿನ ಸಂದಿಯಿಂದ ಎರಡು ಕೈ ಹೊರಗೆ ಬಂದವು.

"ಈಗ ಕೊಡ್ರಿ," ಎಂದಿತು ಕಂಬಳಿ.

ಮೂಲೆಯ ಮಂಚ ಕಿರ್ ಎಂದಿತು. ತೂಕಡಿಸುತ್ತಿದ್ದ ಜುಂಜಣ್ಣ ಎದ್ದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಕೋಲೂರಿಕೊಂಡು ಬಂದ. ಕಂಬಳಿಯನ್ನು ಮುಟ್ಟಿ ನೋಡಿದ. ಅವನ ಕಣ್ಣಲ್ಲಿ ನೀರು ಬಂತು.

"ನಮ್ಮಪ್ಪ ಹಿಂಗೇ ಕೊಪ್ಪೆ ಹಾಕ್ಕಂಡು ವೀಳ್ಯ ಹಿಡೀತಿದ್ದ ಕಣ್ರೋ. ಕುರಿ ಹೋದ್ವು, ಈ ಪದ್ಧತೀನೂ ಹೋತು ಅಂದ್ಕಂಡಿದ್ದೆ. ಯಾವ ಊರು ಮಗನೆ ನಿಂದು? ಇನ್ನೂ ನೆಪ್ಪಿಟ್ಕಂಡಿದೀಯಲ್ಲೋ!"

"ಅದಕ್ಕೇನಾ ವಿಚಾರ ಮಾಡಾಣ ಅಂದಿದ್ದು!" ಎಂದು ಪಾಪಣ್ಣ ಅತ್ತೇಬಿಟ್ಟ. ಅಳುತ್ತಲೇ ತಟ್ಟೆ ಕೊಟ್ಟ. ಎರಡೂ ಕೈ ಅದನ್ನು ಹಿಡಿದವು. ಒಳಗಿನಿಂದ ನಾಗಶ್ರೀ ಮೂಗು ಒರೆಸಿಕೊಂಡು ನಕ್ಕಳು. ಬೋರಕ್ಕನಿಗೆ ಇಂಥ ಪದ್ಧತಿ ಇತ್ತೆಂದು ಗೊತ್ತೇ ಇರಲಿಲ್ಲ. ಆದರೆ ಗೊತ್ತಿಲ್ಲ ಎಂದು ಜನ್ಮದಲ್ಲಿ ಅವಳು ಹೇಳಿದವಳಲ್ಲ. "ನಾನೇ ಹೇಳ್ಕೊಟ್ಟಿದ್ದು," ಎಂದಳು. ಮೊಬೈಲುಗಳೆಲ್ಲ ಮೇಲೆದ್ದವು.

ಪೈಜಾಮ ಕಣಕಾಲಿಗೆ ಸುತ್ತಿಕೊಂಡಿದ್ದರಿಂದ ಕನಕರಾಜನಿಗೆ ದೊಡ್ಡ ಹೆಜ್ಜೆ ಇಡಲಾಗಲಿಲ್ಲ. ಗೇಣು ಗೇಣು ಸರಿಯುತ್ತಾ ಹೋದ. "ನಡಿಗೆ ನೋಡ್ರಿ, ಎಂಥ ಗಾಂಭೀರ್ಯ!" ಎಂದರು ಹೆಣ್ಣಿನ ಕಡೆಯವರು. ಉಚ್ಚಂಗಮ್ಮ ದೇವಿಕಾಳ ಕಡೆ ತಿರುಗಿ, "ನಿನ್ ಗಂಡನೂ ಅವ್ನೆ, ಇದು ಹೊಳೀತೇನೆ ಅವನಿಗೆ?" ಎಂದಳು. ಕಂಬಳಿಯೊಳಗಿನ ಕಿವಿಗೆ ಅದು ಸ್ಪಷ್ಟವಾಗಿ ಕೇಳಿಸಿತು.

ಕಂಬಳಿಯ ಕೆಳಗೆ ಬಿಳಿ ಬಟ್ಟೆಯ ಅಂಚು ಎಳೆದಾಡುತ್ತಿರುವುದು ಸುಮಾಳಿಗೆ ಮಾತ್ರ ಕಂಡಿತ್ತು. ಹಿತ್ತಲಿಗೆ ಹೋಗುವ ಓಣಿಯಲ್ಲಿ ಅವನನ್ನು ಹಿಡಿದು ನಿಲ್ಲಿಸಿ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಕೈಗಿಟ್ಟಳು.

"ತಗಳ್ರಿ. ಇದು ಟಿಕ್ ಅನ್ನಲ್ಲ. ಆದ್ರೆ ಎಲ್ಲಾ ಅಂಗಡೀಲೂ ಸಿಗ್ತೈತೆ."

ಆ ಫೋಟೋಗಳು ಊರೂರು ತಿರುಗಿದವು. ಅಲ್ಲಿಂದಾಚೆಗೆ ನೆಂಟರಿಷ್ಟರಲ್ಲಿ ಎಲ್ಲಿ ವೀಳ್ಯಶಾಸ್ತ್ರವಾದರೂ ಕೊಪ್ಪೆ ಹಾಕಿ ವೀಳ್ಯ ಹಿಡಿಯಲು ಕನಕರಾಜನೇ ಆಗಬೇಕು ಎಂದು ಕರೆ ಬರತೊಡಗಿತು. ಅವನು ಹಿಗ್ಗಿನಿಂದ ಹೋದ. ಯಾರೂ ಇಲ್ಲದಾಗ ಪ್ರದೀಪ ಒಂದು ಸಲ ಹತ್ತಿರ ಬಂದು, "ಅಣ್ಣ, ನಮ್ಮ ಕಾಲೇಜಲ್ಲಿ ಎಲ್ಲರೂ ಆ ಫೋಟೋನೇ ಕೇಳ್ತಾರೆ. ನಾನೂ ಒಂದ್ಸಾರಿ ಹೊದ್ಕಂಡು ನೋಡ್ಲಾ?" ಎಂದು ಕೇಳಿದ. ಅವನ ಮುಖದಲ್ಲಿ ನಗು ಇರಲಿಲ್ಲ. ಕನಕರಾಜನಿಗೆ ಅಂದು ಊಟ ರುಚಿಸಿದಷ್ಟು ಎಂದೂ ರುಚಿಸಿರಲಿಲ್ಲ.

ಹೀಗೇ ಹಿರಿಯೂರಿನಲ್ಲಿ ಒಂದು ಶಾಸ್ತ್ರ ಬಂತು. ಮೇ ತಿಂಗಳು. ಬಂಡೆ ಕಾದು ಹೊರಗೆ ಕಾಲಿಡಲಾಗದಂಥ ಮಧ್ಯಾಹ್ನ. ಶಾಸ್ತ್ರ ಮುಗಿದರೂ ಜನ ಫೋಟೋ ತೆಗೆಯುವುದನ್ನು ಬಿಡಲಿಲ್ಲ, ಕನಕರಾಜ ಕಂಬಳಿಯನ್ನು ಬಿಡಲಿಲ್ಲ. ಬೆವರು ಹಣೆಯಿಂದ ಮೂಗಿಗೆ, ಮೂಗಿನಿಂದ ಮೀಸೆಗೆ ಇಳಿಯುತ್ತಿತ್ತು. ಎದುರಿಗೆ ಪ್ರದೀಪ ತೆಳ್ಳನೆಯ ಹತ್ತಿ ಅಂಗಿ ಹಾಕಿಕೊಂಡು ಕೂಲರಿನ ಮುಂದೆ ಕೂತಿದ್ದ. ಅಂಗಿಯ ಕಾಲರು ಗಾಳಿಗೆ ಪಟಪಟ ಹಾರುತ್ತಿತ್ತು. ಎಂಥ ಅಂಗಿ! ಎಂಥ ಗಾಳಿ! ಕನಕರಾಜ ಅದರ ಮೇಲಿನ ಕಣ್ಣು ಕೀಳಲಿಲ್ಲ. ಪ್ರದೀಪನೋ, ಆ ಗಾಳಿಯಲ್ಲಿ ಕೂತು ಕಂಬಳಿಯನ್ನೇ ಆಸೆಯಿಂದ ನೋಡುತ್ತಿದ್ದ.

ಮಜ್ಜಿಗೆ ತಂದ ಸುಮಾ ಇಬ್ಬರನ್ನೂ ನೋಡಿದಳು. "ಹಿಂಗೆ ಬೆವೆತರೆ ಸತ್ತೋಗ್ತೀರಿ. ಒಂದು ಗಳಿಗೆ ಆ ಕಂಬಳಿ ಅವರಿಗೆ ಕೊಟ್ಟು, ನೀವು ಹೋಗಿ ಅಲ್ಲಿ ಕುಂತ್ಕಳ್ರಿ."

ಪ್ರದೀಪ ಅರ್ಧ ಎದ್ದ.

ಕನಕರಾಜ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ.

"ಚಳಿ ಐತೆ ಕಣೆ," ಎಂದ.